ಅಕ್ಕಿ, ಸೀಮೆಎಣ್ಣೆ ಮತ್ತು ಒಂದು ಪುಟ್ಟ ಹಡಗು: 1942ರ ‘ಬೆಂಗಾಲ್’ ಕಥೆ

ಅರಕಲಗೂಡಿನವರು ಸಮುದ್ರ ನೋಡಬೇಕೆಂದರೆ ಘಾಟಿ ಇಳಿಯಬೇಕು. ನಮ್ಮ ಕಾವೇರಿ, ಹೇಮಾವತಿ ಎರಡೂ ಪಶ್ಚಿಮದ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುವ ನದಿಗಳು. ಹಾಗಾಗಿ ಹಡಗು, ಬಂದರು, ನೌಕಾಪಡೆ ಅಂದರೆ ಅದು ಮಂಗಳೂರು, ಕಾರವಾರದವರ ವಿಷಯ ಅಂತ ನಾವು ಅಂದುಕೊಂಡು ಬಿಡುತ್ತೇವೆ.

ಆದರೆ ಸಮುದ್ರದಲ್ಲಿ ದಾರಿ ಕಟ್ಟಾದರೆ ನಮ್ಮ ಊರಿನ ಒಲೆಗೂ ಬಿಸಿ ತಟ್ಟುತ್ತದೆ. 1942ರಲ್ಲಿ ಅದೇ ಆಯಿತು. ಆ ವರ್ಷ ನಡೆದ ಒಂದು ಕಡಲ ಕಾಳಗದ ಕಥೆ ಇದು. ಕಾದಾಡಿದ್ದು ಒಂದು ಮೈನ್‌ಸ್ವೀಪರ್ ಹಡಗು. ಹೆಸರು ‘ಬೆಂಗಾಲ್’. ಅದರಲ್ಲಿದ್ದ ನಾವಿಕರಲ್ಲಿ ಹೆಚ್ಚಿನವರು ಭಾರತದ ಹುಡುಗರು.

ಮೈನ್ ಅಂದರೆ ಏನು?

ಮೈನ್ ಅಂದರೆ ನೀರಿನೊಳಗೆ ಅಡಗಿಸಿಡುವ ಬಾಂಬು. ಮೊದಲ ಕಾಲದ ಮೈನುಗಳು ಕಬ್ಬಿಣದ ದೊಡ್ಡ ಗುಂಡಿನಂತೆ ಇರುತ್ತಿದ್ದವು. ಮೈಮೇಲೆ ಕೊಂಬುಗಳು. ತಳದಲ್ಲಿ ಒಂದು ಭಾರ, ಅದಕ್ಕೆ ಕಟ್ಟಿದ ತಂತಿ, ತಂತಿಯ ತುದಿಗೆ ನೀರಿನ ಮೇಲ್ಮೈಗಿಂತ ಸ್ವಲ್ಪ ಕೆಳಗೆ ತೇಲುವ ಮೈನ್. ಹಡಗಿನ ತಳ ಕೊಂಬಿಗೆ ತಾಗಿದರೆ ಸ್ಫೋಟ.

ಇದನ್ನು ತೆಗೆಯುವ ಹಡಗೇ ಮೈನ್‌ಸ್ವೀಪರ್. ಹಡಗಿನ ಹಿಂದೆ ಉದ್ದನೆಯ ಗಟ್ಟಿ ತಂತಿ ಎಳೆದುಕೊಂಡು ಹೋಗುತ್ತಾರೆ. ಆ ತಂತಿಯಲ್ಲಿ ಕತ್ತರಿಸುವ ಅಲಗುಗಳಿರುತ್ತವೆ. ಅದು ಮೈನಿನ ತಂತಿಯನ್ನು ಕತ್ತರಿಸಿದರೆ ಮೈನ್ ಮೇಲಕ್ಕೆ ತೇಲಿ ಬರುತ್ತದೆ. ಆಗ ದೂರದಿಂದ ಗುಂಡು ಹೊಡೆದು ಅದನ್ನು ಸಿಡಿಸುತ್ತಾರೆ, ಇಲ್ಲವೇ ಮುಳುಗಿಸುತ್ತಾರೆ. ಹೊಲದಲ್ಲಿ ಸಾಲಿಗೆ ಸಾಲು ತಾಗಿಸಿ ಉಳುವ ಹಾಗೆ ಹಡಗು ಒಂದೇ ಜಾಗದಲ್ಲಿ ಹೋಗಿ ಬಂದು ಮಾಡುತ್ತಿರಬೇಕು. ಒಂದು ಸಾಲು ಬಿಟ್ಟರೂ ಅಲ್ಲೇ ಸಾವು ಕಾದಿರಬಹುದು.

ಇದು ಎಲ್ಲೋ ಯುರೋಪಿನ ಸಮುದ್ರದ ಮಾತಲ್ಲ. ಮೊದಲ ಮಹಾಯುದ್ಧದಲ್ಲಿ, 1917ರ ಫೆಬ್ರವರಿಯಲ್ಲಿ, ಜರ್ಮನಿಯ ‘ವುಲ್ಫ್’ ಎಂಬ ಹಡಗು ಸರಕು ಹಡಗಿನ ವೇಷದಲ್ಲಿ ಬಂದು ಕೊಲಂಬೊ ಮತ್ತು ಬೊಂಬಾಯಿ ಹತ್ತಿರ ಕದ್ದು ಮೈನ್ ಹಾಕಿ ಹೋಯಿತು. ‘ವುಲ್ಫ್’ ಹೋಗಿ ತಿಂಗಳುಗಳೇ ಆಗಿದ್ದವು. ಜೂನ್ 23ರಂದು ‘ಮಂಗೋಲಿಯಾ’ ಎಂಬ ಪ್ರಯಾಣಿಕರ ಹಡಗು ಬೊಂಬಾಯಿ ಹತ್ತಿರ ಆ ಮೈನಿಗೆ ತಾಗಿ ಮುಳುಗಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮೈನಿನ ಗುಣವೇ ಅದು. ಹಾಕಿದವನು ಹೋದರೂ ಅದು ಕಾಯುತ್ತಾ ಇರುತ್ತದೆ.

1942: ದಾರಿ ಕಟ್ಟಾದ ವರ್ಷ

ಎರಡನೇ ಮಹಾಯುದ್ಧದಲ್ಲಿ ಜಪಾನ್ ನಮ್ಮ ಬಾಗಿಲಿಗೇ ಬಂತು. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. ಅಲ್ಲಿ ಸೆರೆ ಸಿಕ್ಕವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪದಾತಿ ಪಡೆಯವರೂ ಇದ್ದರು. ಮಾರ್ಚ್ 8ಕ್ಕೆ ರಂಗೂನ್ ಹೋಯಿತು. ಏಪ್ರಿಲ್ 5ರಂದು ಕೊಲಂಬೊ ಮೇಲೆ ಬಾಂಬು ಬಿತ್ತು. ಮಾರನೇ ದಿನ ವಿಶಾಖಪಟ್ಟಣ, ಕಾಕಿನಾಡ. ಏಪ್ರಿಲ್ 9ಕ್ಕೆ ಟ್ರಿಂಕಾಮಲಿ. ಮದರಾಸಿನ ಜನ ಹೆದರಿ ಊರು ಬಿಟ್ಟರು.

ರಂಗೂನ್ ಹೋದದ್ದು ಹಳ್ಳಿಗಳಿಗೆ ಎರಡು ಕಡೆಯಿಂದ ಹೊಡೆತ ಕೊಟ್ಟಿತು. ಒಂದು, ಅಕ್ಕಿ. ಯುದ್ಧಕ್ಕೆ ಮುಂಚೆ ಭಾರತಕ್ಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ಬರ್ಮಾದಿಂದ ಹಡಗಿನಲ್ಲಿ ಬರುತ್ತಿತ್ತು. ಅದು ಪೂರ್ತಿ ನಿಂತಿತು. ಎರಡು, ಸೀಮೆಎಣ್ಣೆ. ನಮ್ಮ ಬುಡ್ಡಿ ದೀಪ, ಲಾಟೀನುಗಳಿಗೆ ಹಾಕುತ್ತಿದ್ದ ಎಣ್ಣೆಯಲ್ಲಿ ದೊಡ್ಡ ಪಾಲು ಬರ್ಮಾದ ಬಾವಿಗಳದ್ದು. ರಂಗೂನಿನ ಪಕ್ಕದ ಸಿರಿಯಂನಲ್ಲಿದ್ದ ಶುದ್ಧೀಕರಣ ಕಾರ್ಖಾನೆ ಜಪಾನಿನವರ ಕೈಗೆ ಸಿಗಬಾರದೆಂದು ಬ್ರಿಟಿಷರೇ ಅದನ್ನು ಸುಟ್ಟು ಹೋದರು.

ಯುದ್ಧ ಕಾಲದ ಸೀಮೆಎಣ್ಣೆ ಬರ, ಅಕ್ಕಿ ರೇಷನ್ನು, ಹುರುಳಿ ಜೋಳದಲ್ಲಿ ಹೊಟ್ಟೆ ಹೊರೆದ ಮಾತು ನಿಮ್ಮ ಮನೆಯ ಹಿರಿಯರ ಬಾಯಲ್ಲೂ ಬಂದಿರಬಹುದು. ಅದರ ಬೇರು ಕಡಲಿನಲ್ಲಿತ್ತು. ಇನ್ನು ಎಣ್ಣೆ ಬರಬೇಕಾದರೆ ಪರ್ಷಿಯಾದ ಅಬಾದಾನ್ ಕಡೆಯಿಂದ ಟ್ಯಾಂಕರ್ ಹಡಗುಗಳಲ್ಲೇ ಬರಬೇಕು. ಟ್ಯಾಂಕರ್ ಉಳಿದರೆ ದೀಪ ಉಳಿಯುತ್ತದೆ ಎನ್ನುವಂಥ ಸ್ಥಿತಿ.

ಎರಡು ಆನೆ, ಒಂದು ಮೇಕೆ

ಆಗ ಭಾರತದ ನೌಕಾಪಡೆಗೆ ‘ರಾಯಲ್ ಇಂಡಿಯನ್ ನೇವಿ’ ಎಂದು ಹೆಸರು. ಬ್ರಿಟಿಷರ ಅಧೀನದ ಪಡೆ. 1939ರಲ್ಲಿ ಅದರಲ್ಲಿ ಎರಡು ಸಾವಿರ ಜನವೂ ಇರಲಿಲ್ಲ. ಯುದ್ಧ ಬಂದದ್ದೇ ಹೊಸ ಹಡಗು ಬೇಕಾಯಿತು. ಆಸ್ಟ್ರೇಲಿಯಾದಲ್ಲಿ ನಾಲ್ಕು ಮೈನ್‌ಸ್ವೀಪರ್‌ಗಳನ್ನು ಕಟ್ಟಿಸಿದರು. ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್ ಎಂದು ಹೆಸರಿಟ್ಟರು.

ಬೆಂಗಾಲ್ ಸಿಡ್ನಿಯಲ್ಲಿ ತಯಾರಾಗಿ 1942ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. ಉದ್ದ 186 ಅಡಿ, ತೂಕ ಸುಮಾರು 700 ಟನ್. ಜೋರಾಗಿ ಓಡಿದರೆ ಗಂಟೆಗೆ 28 ಕಿಲೋಮೀಟರ್. ಹಾಕಬೇಕಾದ ದೊಡ್ಡ ಫಿರಂಗಿ ಸಿಗದೆ 3 ಇಂಚಿನ ಹಳೇ ಮಾದರಿಯದ್ದೊಂದನ್ನು ಕೂರಿಸಿ ಕಳಿಸಿದ್ದರು. ಅದಕ್ಕಿದ್ದ ಗುಂಡು ಸುಮಾರು 40.

ನವೆಂಬರ್‌ನಲ್ಲಿ ಅದು ಫ್ರೀಮ್ಯಾಂಟಲ್ ಬಂದರಿನಿಂದ ಹೊರಟು ಭಾರತದ ಕಡೆಗೆ ಬರುತ್ತಿತ್ತು. ಜೊತೆಗೆ ‘ಒಂಡಿನಾ’ ಎಂಬ ಡಚ್ ಟ್ಯಾಂಕರಿಗೆ ಬೆಂಗಾವಲು. ಮೊದಲು ಹಿಂದೂ ಮಹಾಸಾಗರದ ನಡುವಿನ ಡಿಯಾಗೊ ಗಾರ್ಸಿಯಾ ದ್ವೀಪ, ಅಲ್ಲಿಂದ ಟ್ಯಾಂಕರ್ ಅಬಾದಾನ್ ಕಡೆ ಹೋಗಬೇಕು. ಒಂಡಿನಾದಲ್ಲಿ 4 ಇಂಚಿನ ಒಂದು ಫಿರಂಗಿ, 32 ಗುಂಡು.

ನವೆಂಬರ್ 11. ಕೋಕೋಸ್ ದ್ವೀಪಗಳಿಂದ ನೈಋತ್ಯಕ್ಕೆ ಬಹುದೂರದಲ್ಲಿ, ಸುತ್ತ ನೀರು ಬಿಟ್ಟರೆ ಏನೂ ಇಲ್ಲದ ಜಾಗದಲ್ಲಿ, ಎರಡು ಹಡಗು ಕಂಡವು. ಜಪಾನಿನ ‘ಹೊಕೊಕು ಮಾರು’ ಮತ್ತು ‘ಐಕೊಕು ಮಾರು’. ಮೂಲದಲ್ಲಿ ಇವು ಪ್ರಯಾಣಿಕರ, ಸರಕಿನ ಹಡಗುಗಳು. ಯುದ್ಧಕ್ಕಾಗಿ ಫಿರಂಗಿ, ಟಾರ್ಪಿಡೊ, ವಿಮಾನ ಎಲ್ಲ ಹಾಕಿ ಬೇಟೆ ಹಡಗು ಮಾಡಿದ್ದರು. ಒಂದೊಂದೂ 10,000 ಟನ್ನಿಗೂ ದೊಡ್ಡದು, ಬೆಂಗಾಲ್‌ಗಿಂತ ಬಹಳ ವೇಗ. ಅದೇ ವರ್ಷ ಈ ಜೋಡಿ ‘ಜೆನೋಟಾ’ ಎಂಬ ಟ್ಯಾಂಕರನ್ನೂ ‘ಹೌರಾಕಿ’ ಎಂಬ ಸರಕು ಹಡಗನ್ನೂ ಹಿಡಿದುಕೊಂಡು ಹೋಗಿತ್ತು.

ಎರಡು ಆನೆಗಳ ಮುಂದೆ ಒಂದು ಮೇಕೆ ನಿಂತ ಹಾಗಿತ್ತು ಲೆಕ್ಕ. ಬೆಂಗಾಲ್‌ನ ಕಮಾಂಡರ್ ವಿಲಿಯಂ ಜೋಸೆಫ್ ವಿಲ್ಸನ್ ಟ್ಯಾಂಕರಿಗೆ ತಪ್ಪಿಸಿಕೊಂಡು ಹೋಗಲು ಹೇಳಿ, ತನ್ನ ಹಡಗನ್ನು ನೇರ ಶತ್ರುವಿನ ಕಡೆಗೇ ತಿರುಗಿಸಿದ. ಶತ್ರುವನ್ನು ತಡೆದಷ್ಟು ಹೊತ್ತೂ ಟ್ಯಾಂಕರಿಗೆ ದೂರ ಸರಿಯಲು ಸಮಯ ಸಿಗುತ್ತದೆ ಎಂಬುದು ಅವನ ಲೆಕ್ಕ.

ಒಂಡಿನಾ ಪೂರ್ತಿ ಓಡಿಹೋಗಲಿಲ್ಲ. ಅದೂ ಗುಂಡು ಹಾರಿಸಿತು. ಸ್ವಲ್ಪ ಹೊತ್ತಿನಲ್ಲೇ ಒಂದು ಗುಂಡು ಹೊಕೊಕು ಮಾರುವಿನ ಟಾರ್ಪಿಡೊ ಇದ್ದ ಜಾಗಕ್ಕೆ ಬಿತ್ತು. ಬೆಂಕಿ ಹತ್ತಿತು. ಆಮೇಲೆ ದೊಡ್ಡ ಸ್ಫೋಟ. ಆ ಹಡಗು ಮುಳುಗಿತು. ಅದರಲ್ಲಿದ್ದ 76 ಜನ ಸತ್ತರು.

ಬೆಂಗಾಲ್‌ನ ಗುಂಡುಗಳು ಮುಗಿಯುತ್ತಾ ಬಂದವು. ಹಡಗಿಗೂ ಏಟು ಬಿದ್ದಿತ್ತು. ಹೊಗೆಯ ಮರೆ ಮಾಡಿಕೊಂಡು ಅದು ಹಿಂದೆ ಸರಿಯಿತು. ಉಳಿದ ಐಕೊಕು ಮಾರು ಟ್ಯಾಂಕರಿನ ಬೆನ್ನು ಹತ್ತಿತು. ಒಂಡಿನಾದ ಕ್ಯಾಪ್ಟನ್ ವಿಲೆಮ್ ಹಾರ್ಸ್‌ಮನ್ ಸತ್ತ. ಹಡಗಿಗೆ ಟಾರ್ಪಿಡೊ ಬಡಿಯಿತು. ಜನ ದೋಣಿಗೆ ಇಳಿದರು. ದೋಣಿಗಳ ಮೇಲೂ ಗುಂಡಿನ ಸುರಿಮಳೆಯಾಯಿತು. ಟ್ಯಾಂಕರ್ ಇನ್ನೇನು ಮುಳುಗುತ್ತದೆ ಎಂದುಕೊಂಡು ಐಕೊಕು ಮಾರು ತನ್ನ ಕಡೆಯವರನ್ನು ನೀರಿನಿಂದ ಎತ್ತಿಕೊಂಡು ಹೊರಟು ಹೋಯಿತು.

ಆದರೆ ಒಂಡಿನಾ ಮುಳುಗಲಿಲ್ಲ. ದೋಣಿಯಲ್ಲಿದ್ದವರು ಮತ್ತೆ ಹಡಗು ಹತ್ತಿ, ಬೆಂಕಿ ಆರಿಸಿ, ಒಂದು ವಾರದಲ್ಲಿ ಅದನ್ನು ಫ್ರೀಮ್ಯಾಂಟಲ್‌ಗೆ ವಾಪಸ್ ತಂದರು. ಬೆಂಗಾಲ್ ಡಿಯಾಗೊ ಗಾರ್ಸಿಯಾ ಮುಟ್ಟಿತು. ಅದರಲ್ಲಿದ್ದ ಒಬ್ಬರ ಪ್ರಾಣವೂ ಹೋಗಿರಲಿಲ್ಲ.

ಹೊಕೊಕು ಮಾರುವನ್ನು ಹೊಡೆದದ್ದು ಯಾರ ಗುಂಡು? ಇದರ ಮೇಲೆ ಇವತ್ತಿಗೂ ಜಗಳವಿದೆ. ದಾಖಲೆ ತೂಗಿ ನೋಡಿದವರಲ್ಲಿ ಹೆಚ್ಚಿನವರು ಒಂಡಿನಾ ಕಡೆ ಬೆರಳು ತೋರಿಸುತ್ತಾರೆ. ಯುದ್ಧ ಕಾಲದ ಪ್ರಚಾರದಲ್ಲಿ ಮಾತ್ರ ಬೆಂಗಾಲ್‌ಗೇ ಹೆಚ್ಚು ಕೀರ್ತಿ ಬಂತು. ಗುಂಡು ಯಾರದ್ದೇ ಇರಲಿ, 40 ಗುಂಡು ಇಟ್ಟುಕೊಂಡು ಎದುರಿಗೆ ಹೋದ ಆ ತಿರುವು ಬೆಂಗಾಲ್‌ನದು. ಅದರಲ್ಲಿ ಯಾರಿಗೂ ಅನುಮಾನವಿಲ್ಲ.

ಹೆಸರು ಉಳಿದದ್ದು ಯಾರದ್ದು?

ವಿಲ್ಸನ್‌ಗೆ ದೊಡ್ಡ ಪದಕ ಬಂತು. ಇತಿಹಾಸದ ಪುಸ್ತಕದಲ್ಲಿ ಅವನ ಹೆಸರಿದೆ. ಆದರೆ ಫಿರಂಗಿಗೆ ಗುಂಡು ತುಂಬಿದವರು, ಎಂಜಿನ್ ಕೋಣೆಯ ಬಿಸಿಯಲ್ಲಿ ನಿಂತವರು, ಅಡುಗೆ ಮಾಡಿದವರು ಯಾರು? ಅವರ ಹೆಸರು ಹುಡುಕಿ ತೆಗೆಯಬೇಕಾದ ಸ್ಥಿತಿ.

ಯುದ್ಧಕ್ಕೆ ಮುಂಚೆ ಈ ಪಡೆಗೆ ಹೆಚ್ಚಾಗಿ ರತ್ನಾಗಿರಿ ಕಡಲಂಚಿನವರು, ಪಂಜಾಬಿನವರು ಸೇರುತ್ತಿದ್ದರು. ಯುದ್ಧದಲ್ಲಿ ದಕ್ಷಿಣದಿಂದಲೂ ಹುಡುಗರು ಸೇರಿದರು. ಒಳ್ಳೆ ಸಂಬಳ, ಒಳ್ಳೆ ಊಟ, ಮುಂದೆ ಕೆಲಸ ಅಂತ ಆಸೆ ತೋರಿಸಿ ಸೇರಿಸಿಕೊಂಡಿದ್ದರು. ಒಳಗೆ ಹೋದ ಮೇಲೆ ಸಿಕ್ಕಿದ್ದು ಬೇರೆ. ಅದೇ ಕೆಲಸಕ್ಕೆ ಬ್ರಿಟಿಷ್ ನಾವಿಕನಿಗಿಂತ ಬಹಳ ಕಡಿಮೆ ಸಂಬಳ, ತಿನ್ನಲಾಗದ ಊಟ, ಬೈಗುಳ.

1946ರ ಫೆಬ್ರವರಿ 18ರಂದು ಬೊಂಬಾಯಿಯ ‘ತಲ್ವಾರ್’ ನೌಕಾ ಕೇಂದ್ರದಲ್ಲಿ ನಾವಿಕರು ಊಟ ಬಿಟ್ಟು ಮುಷ್ಕರ ಕೂತರು. ಕೆಲವೇ ದಿನದಲ್ಲಿ 78 ಹಡಗುಗಳ ಸುಮಾರು 20,000 ನಾವಿಕರು ಅದರಲ್ಲಿ ಸೇರಿದರು. ಸರ್ದಾರ್ ಪಟೇಲರ ಮಾತಿಗೆ ಒಪ್ಪಿ ಫೆಬ್ರವರಿ 23ಕ್ಕೆ ಅವರು ಶರಣಾದರು. ನೂರಾರು ಜನರನ್ನು ಕೆಲಸದಿಂದ ತೆಗೆದರು. ಸ್ವಾತಂತ್ರ್ಯ ಬಂದ ಮೇಲೂ ಅವರನ್ನು ನೌಕಾಪಡೆಗೆ ಮತ್ತೆ ಸೇರಿಸಿಕೊಳ್ಳಲಿಲ್ಲ.

ಬೆಂಗಾಲ್ ಹಡಗು ಮಾತ್ರ ಸ್ವತಂತ್ರ ಭಾರತದ ನೌಕಾಪಡೆಯಲ್ಲಿ ಸೇವೆ ಮಾಡಿ 1960ರ ಸುಮಾರಿಗೆ ಗುಜರಿಗೆ ಹೋಯಿತು. ಅದೇ ಯುದ್ಧದಲ್ಲಿ ದುಡಿದ ಇನ್ನೆರಡು ಹಡಗುಗಳ ಪಾಲಿಗೆ ಬೇರೆ ಕೆಲಸ ಬಂತು. 1943ರಲ್ಲಿ ಇಟಲಿಯ ಸಿಸಿಲಿ ದಾಳಿಗೆ ಹೋಗಿದ್ದ ‘ಜಮುನಾ’ ಮತ್ತು ‘ಸಟ್ಲೆಜ್’ 1950ರ ದಶಕದಲ್ಲಿ ಸರ್ವೆ ಹಡಗುಗಳಾದವು. ಭೂಮಿಗೆ ಸರ್ವೆ ನಕ್ಷೆ ಇರುವ ಹಾಗೆ ಸಮುದ್ರಕ್ಕೂ ನಕ್ಷೆ ಬೇಕು. ಎಲ್ಲಿ ಆಳ, ಎಲ್ಲಿ ಬಂಡೆ ಎಂದು ಅಳೆದು ಬರೆಯದೆ ಯಾವ ಬಂದರಿಗೂ ಹಡಗು ಬರಲಾಗದು. ಮೈನ್ ತೆಗೆಯುವುದು, ಆಳ ಅಳೆಯುವುದು, ಎರಡೂ ಹಿಂದೆ ಬರುವವರಿಗೆ ದಾರಿ ಮಾಡಿಕೊಡುವ ಕೆಲಸಗಳೇ.

ಕಾರವಾರದ ಹೆಸರಿನ ಹಡಗು, ಹಾಸನಕ್ಕೆ ಬರುವ ಡೀಸೆಲ್

1956ರಲ್ಲಿ ಭಾರತ ಬ್ರಿಟನ್‌ನಿಂದ ನಾಲ್ಕು ಹೊಸ ಮೈನ್‌ಸ್ವೀಪರ್ ತಂದಿತು. ಅವುಗಳ ಮೈಗೆ ಮರ ಮತ್ತು ಅಲ್ಯೂಮಿನಿಯಂ ಬಳಸಿದ್ದರು. ಯಾಕೆಂದರೆ ಎರಡನೇ ಮಹಾಯುದ್ಧದ ಹೊತ್ತಿಗೆ ಹಡಗಿನ ಕಬ್ಬಿಣದ ಸುಳಿವು ಹಿಡಿದು, ತಾಗದೆಯೇ ಸಿಡಿಯುವ ಕಾಂತ ಮೈನ್‌ಗಳು ಬಂದಿದ್ದವು. ಆ ನಾಲ್ಕರಲ್ಲಿ ಒಂದಕ್ಕೆ ನಮ್ಮ ‘ಕಾರವಾರ’ದ ಹೆಸರಿಟ್ಟರು. ಅದರ ನಂತರ 1986ರಲ್ಲಿ ಅದೇ ಹೆಸರಿನ ಇನ್ನೊಂದು ಮೈನ್‌ಸ್ವೀಪರ್ ಸೋವಿಯತ್ ದೇಶದಿಂದ ಬಂದು 2017ರವರೆಗೆ ದುಡಿಯಿತು. 2019ರಲ್ಲಿ ‘ಕೋಳಿಕೋಡ್’ ನಿವೃತ್ತಿಯಾದಾಗ ಭಾರತದ ಕೊನೆಯ ಮೈನ್‌ಸ್ವೀಪರ್ ಕೂಡ ಹೋಯಿತು. ಹೊಸದು ಕಟ್ಟುವ ಮಾತು ವರ್ಷಗಟ್ಟಲೆ ಎಳೆಯಿತು. 2025ರ ಜುಲೈನಲ್ಲಿ ರಕ್ಷಣಾ ಇಲಾಖೆ ಇಂಥ ಹಡಗುಗಳ ಖರೀದಿಗೆ ಮೊದಲ ಹಂತದ ಒಪ್ಪಿಗೆ ಕೊಟ್ಟಿದೆ. ಒಪ್ಪಿಗೆಯಿಂದ ಹಡಗು ನೀರಿಗಿಳಿಯುವ ತನಕ ಇನ್ನೂ ಬಹಳ ವರ್ಷ ಬೇಕು.

ಇದು ನಮಗೇಕೆ ಬೇಕು ಅನ್ನಿಸಬಹುದು. ನಿಮ್ಮ ಟ್ರ್ಯಾಕ್ಟರಿಗೆ ಹಾಕಿಸುವ ಡೀಸೆಲ್ ಎಲ್ಲಿಂದ ಬರುತ್ತದೆ ನೋಡಿ. ಮಂಗಳೂರಿಗೆ ಹಡಗಿನಲ್ಲಿ ಕಚ್ಚಾ ತೈಲ ಬರುತ್ತದೆ. ಅಲ್ಲಿ ಶುದ್ಧ ಮಾಡಿದ ಎಣ್ಣೆ ಮಂಗಳೂರು, ಹಾಸನ, ಬೆಂಗಳೂರು ಪೈಪ್‌ಲೈನ್‌ನಲ್ಲಿ ಘಾಟಿ ಹತ್ತಿ ಬರುತ್ತದೆ. ಆಲೂಗಡ್ಡೆಗೆ ಹಾಕುವ ಪೊಟ್ಯಾಷ್ ನಮ್ಮ ದೇಶದ ಗಣಿಯಲ್ಲಿ ಸಿಗುವುದಿಲ್ಲ, ಹೊರಗಿನಿಂದ ಹಡಗಿನಲ್ಲೇ ಬರಬೇಕು. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಮಾರಿದ ಹೊಗೆಸೊಪ್ಪು ವಿದೇಶಕ್ಕೆ ಹೋಗುವುದೂ ಹಡಗಿನಲ್ಲೇ. 1942ರಲ್ಲಿ ಅಕ್ಕಿ, ಸೀಮೆಎಣ್ಣೆ ಇದ್ದ ಜಾಗದಲ್ಲಿ ಇವತ್ತು ಡೀಸೆಲ್, ಗೊಬ್ಬರ, ಹೊಗೆಸೊಪ್ಪು ಇವೆ. ಬಂದರಿನ ಬಾಯಲ್ಲಿ ನಾಲ್ಕು ಮೈನ್ ಇವೆ ಎಂಬ ಸುದ್ದಿ ಹಬ್ಬಿದರೂ ಸಾಕು, ಹಡಗು ನಿಲ್ಲುತ್ತವೆ.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ ಅಜ್ಜನೋ ಮುತ್ತಜ್ಜನೋ ಯುದ್ಧಕ್ಕೆ ಹೋಗಿದ್ದರೆ, ನೌಕಾಪಡೆ ಆಗಲಿ, ಮೈಸೂರು ಸಂಸ್ಥಾನದ ಪಡೆ ಆಗಲಿ, ಹಳೇ ಟ್ರಂಕು ಒಮ್ಮೆ ತೆಗೆದು ನೋಡಿ. ಬಿಡುಗಡೆ ಪತ್ರ, ಪದಕ, ಸಂಬಳದ ಪುಸ್ತಕ, ಸಮವಸ್ತ್ರದಲ್ಲಿ ತೆಗೆಸಿದ ಫೋಟೊ ಇರಬಹುದು. ಗೆದ್ದಲು ಹಿಡಿಯುವ ಮುಂಚೆ ಮೊಬೈಲ್‌ನಲ್ಲಿ ಅದರ ಚಿತ್ರ ತೆಗೆದಿಡಿ. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ತೆಗೆಯಿರಿ. ಮನೆಯಲ್ಲಿ ನೆನಪಿರುವ ಹಿರಿಯರಿದ್ದರೆ ಪಕ್ಕದಲ್ಲಿ ಕೂತು ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಕಮಾಂಡರುಗಳ ಹೆಸರು ಉಳಿಸಲು ಸರ್ಕಾರದ ಕಡತಗಳಿವೆ. ನಮ್ಮೂರಿನವರ ಹೆಸರು ಉಳಿಸಬೇಕಾದವರು ನಾವೇ.