ಹಳೆಯ ಛಾಯಾಚಿತ್ರಗಳಲ್ಲಿ ಫುಟ್‌ಬಾಲ್ ರೆಫರಿಗಳ ಗುರುತಿಸುವಿಕೆ

ಹಳೆಯ ಛಾಯಾಚಿತ್ರಗಳಲ್ಲಿ ಫುಟ್‌ಬಾಲ್ ರೆಫರಿಗಳ ಗುರುತಿಸುವಿಕೆ ಎಂದರೆ, ಹೆಸರು ನಮೂದಾಗದ ಅಥವಾ ತಪ್ಪಾಗಿ ನಮೂದಾದ ಪಂದ್ಯಚಿತ್ರವೊಂದರಲ್ಲಿ ಕಾಣುವ ರೆಫರಿ ಮತ್ತು ಲೈನ್ಸ್‌ಮನ್‌ಗಳು ಯಾರೆಂಬುದನ್ನು ಉಡುಪು, ಕ್ರೀಡಾಂಗಣ, ಆಟಗಾರರು, ಮುದ್ರಿತ ದಾಖಲೆ ಹಾಗೂ ಮುಖಲಕ್ಷಣಗಳ ಆಧಾರದಿಂದ ನಿರ್ಧರಿಸುವ ಕಾರ್ಯ. ಕ್ರೀಡಾ ಇತಿಹಾಸಕಾರರು, ಪತ್ರಾಗಾರಗಳ ಸಿಬ್ಬಂದಿ, ಚಿತ್ರಸಂಗ್ರಾಹಕರು ಹಾಗೂ ರೆಫರಿಗಳ ಕುಟುಂಬದವರು ಈ ಕೆಲಸದಲ್ಲಿ ತೊಡಗುತ್ತಾರೆ. ಆಟಗಾರನ ಹೆಸರು ಚಿತ್ರದ ಅಡಿಬರಹದಲ್ಲಿ ಸಾಮಾನ್ಯವಾಗಿ ಉಳಿಯುತ್ತದೆ. ರೆಫರಿ ಮಾತ್ರ ಅನೇಕ ಚಿತ್ರಗಳಲ್ಲಿ ಕಪ್ಪು ಉಡುಪಿನ ಅನಾಮಿಕನಾಗಿಯೇ ನಿಂತಿರುತ್ತಾನೆ. ವಿವಾದಕ್ಕೆ ಒಳಗಾದ ತೀರ್ಪುಗಳ ವಿಷಯದಲ್ಲಿ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಅಡಿಬರಹ ತಪ್ಪಿದರೆ ಒಬ್ಬನ ತೀರ್ಪಿನ ಹೊಣೆ ಇನ್ನೊಬ್ಬನ ಹೆಗಲಿಗೆ ಬೀಳುತ್ತದೆ.

ಹಿನ್ನೆಲೆ

ಆಟದ ಆರಂಭದ ದಶಕಗಳಲ್ಲಿ ಮೈದಾನದೊಳಗೆ ಇರುತ್ತಿದ್ದವರು ಇಬ್ಬರು ಅಂಪೈರ್‌ಗಳು, ತಂಡಕ್ಕೆ ಒಬ್ಬರಂತೆ. ಅವರಲ್ಲಿ ಭಿನ್ನಾಭಿಪ್ರಾಯ ಬಂದಾಗ ಮಾತ್ರ ಹೊರಗೆ ನಿಂತಿದ್ದ ರೆಫರಿಯನ್ನು ಕೇಳಲಾಗುತ್ತಿತ್ತು. 1891ರಲ್ಲಿ ನಿಯಮ ಬದಲಾಗಿ ರೆಫರಿ ಮೈದಾನದೊಳಕ್ಕೆ ಬಂದನು, ಅಂಪೈರ್‌ಗಳು ಗೆರೆಯ ಹೊರಗೆ ಹೋಗಿ ಲೈನ್ಸ್‌ಮನ್‌ಗಳಾದರು. ಆದ್ದರಿಂದ ಅದಕ್ಕೂ ಹಿಂದಿನ ಚಿತ್ರದಲ್ಲಿ ಆಟಗಾರರ ನಡುವೆ ಸಾಮಾನ್ಯ ಉಡುಪಿನಲ್ಲಿರುವ ವ್ಯಕ್ತಿಯನ್ನು ರೆಫರಿ ಎಂದು ಕರೆಯುವುದು ಸಂದೇಹಾಸ್ಪದ. ಲೈನ್ಸ್‌ಮನ್ ಎಂಬ ಹೆಸರು 1996ರವರೆಗೆ ಬಳಕೆಯಲ್ಲಿದ್ದು, ಬಳಿಕ ಸಹಾಯಕ ರೆಫರಿ ಎಂದಾಯಿತು. ಈ ಲೇಖನದಲ್ಲಿ ಹಳೆಯ ಹೆಸರನ್ನೇ ಬಳಸಲಾಗಿದೆ.

ಉಡುಪು ಮತ್ತು ಸಲಕರಣೆ

ಚಿತ್ರದ ಕಾಲವನ್ನು ಅಂದಾಜಿಸಲು ಉಡುಪು ಮೊದಲ ಸುಳಿವು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರೆಫರಿಗಳು ಕೋಟು ತೊಟ್ಟು ಪಂದ್ಯ ನಡೆಸುವುದು ವಿಶೇಷವೇನೂ ಆಗಿರಲಿಲ್ಲ. 1930ರ ಜುಲೈ 30ರಂದು ಮಾಂಟೆವಿಡಿಯೊದ ಸೆಂಟೆನಾರಿಯೊ ಕ್ರೀಡಾಂಗಣದಲ್ಲಿ ನಡೆದ ಮೊದಲ ವಿಶ್ವಕಪ್ ಅಂತಿಮ ಪಂದ್ಯದ ಚಿತ್ರಗಳಲ್ಲಿ ಬೆಲ್ಜಿಯಂನ ಜಾನ್ ಲಾಂಗೆನಸ್ ಕೋಟು, ಟೈ ಮತ್ತು ಮೊಣಕಾಲಿನ ಕೆಳಗೆ ಬಿಗಿದ ಸಡಿಲ ಚಡ್ಡಿಯಲ್ಲಿ ಕಾಣುತ್ತಾರೆ. ಈ ವೇಷದಿಂದಾಗಿ ಅವರನ್ನು ಗುರುತಿಸುವುದು ಸುಲಭ. ಆದರೆ ಲಾಂಗೆನಸ್ 1930, 1934, 1938ರ ಮೂರೂ ವಿಶ್ವಕಪ್‌ಗಳಲ್ಲಿ ಪಂದ್ಯ ನಡೆಸಿದವರಾದ್ದರಿಂದ, ವ್ಯಕ್ತಿ ಯಾರೆಂದು ತಿಳಿದ ಮೇಲೂ ಪಂದ್ಯ ಯಾವುದೆಂಬ ಪ್ರಶ್ನೆ ಉಳಿಯುತ್ತದೆ.

ಅದೇ 1930ರ ಅಂತಿಮ ಪಂದ್ಯದ ಲೈನ್ಸ್‌ಮನ್‌ಗಳಲ್ಲಿ ಒಬ್ಬರಾದ ಉಲಿಸೆಸ್ ಸಾಸೆಡೊ ಆ ಪಂದ್ಯಾವಳಿಯಲ್ಲಿ ಬೊಲಿವಿಯ ತಂಡದ ತರಬೇತುದಾರರೂ ಆಗಿದ್ದರು. ಅರ್ಜೆಂಟೀನಾ–ಮೆಕ್ಸಿಕೊ ಪಂದ್ಯಕ್ಕೆ ಅವರೇ ರೆಫರಿ. ರೊಮೇನಿಯಾದ ತರಬೇತುದಾರ ಕಾಸ್ಟೆಲ್ ರಾಡುಲೆಸ್ಕು ಕೂಡ ಬೇರೆ ಪಂದ್ಯಗಳಲ್ಲಿ ಬಾವುಟ ಹಿಡಿದಿದ್ದರು. ಹೀಗಾಗಿ ಒಬ್ಬನೇ ವ್ಯಕ್ತಿ ಎರಡು ಮೂರು ಪಾತ್ರಗಳಲ್ಲಿ ಸಿಗುವುದು ಆ ಕಾಲದ ಚಿತ್ರಗಳಲ್ಲಿ ಅಸಂಭವವಲ್ಲ. ಇಂದಿನ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ತರಬೇತುದಾರ ಲೈನ್ಸ್‌ಮನ್ ಆಗಿರಲಾರ’ ಎಂದು ತರ್ಕಿಸಿದರೆ ದಾರಿ ತಪ್ಪುತ್ತದೆ.

ಬಿಳಿ ಅಂಚಿನ ಕಪ್ಪು ಸಮವಸ್ತ್ರ ಎರಡನೆಯ ಮಹಾಯುದ್ಧದ ನಂತರ ಪ್ರಚಾರಕ್ಕೆ ಬಂದಿತು. ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಅದನ್ನು ಮೊದಲು ತೊಟ್ಟವರು ಕೆನ್ ಆಸ್ಟನ್ ಎನ್ನಲಾಗುತ್ತದೆ. ಹಳದಿ ಮತ್ತು ಕೆಂಪು ಕಾರ್ಡುಗಳ ಕಲ್ಪನೆಯೂ ಆಸ್ಟನ್ ಅವರದೇ. ಅವು ವಿಶ್ವಕಪ್‌ನಲ್ಲಿ ಮೊದಲು ಬಳಕೆಯಾದದ್ದು 1970ರಲ್ಲಿ, ಮೆಕ್ಸಿಕೊದಲ್ಲಿ. ರೆಫರಿಯ ಕೈಯಲ್ಲಿ ಕಾರ್ಡು ಕಂಡರೆ ವಿಶ್ವಕಪ್ ಚಿತ್ರವು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಆಸ್ಟನ್ ಅವರೇ ನಡೆಸಿದ, ಎರಡು ತಂಡಗಳ ಹೊಡೆದಾಟಕ್ಕೆ ಹೆಸರಾದ 1962ರ ಚಿಲಿ–ಇಟಲಿ ಪಂದ್ಯದ ಚಿತ್ರಗಳಲ್ಲಿ ಆಟಗಾರರನ್ನು ಹೊರಹಾಕುವ ದೃಶ್ಯಗಳಿದ್ದರೂ ಕಾರ್ಡು ಇಲ್ಲದಿರುವುದು ಇದಕ್ಕಾಗಿಯೇ. ಎದೆಯ ಮೇಲಿನ ಬಿಲ್ಲೆ ಸ್ಪಷ್ಟವಾಗಿ ಮೂಡಿದ್ದರೆ ಯಾವ ಸಂಸ್ಥೆಯ ರೆಫರಿ ಎಂಬುದು ತಿಳಿಯುತ್ತದೆ. ಇತ್ತೀಚಿನ ಫಿಫಾ ಬಿಲ್ಲೆಗಳಲ್ಲಿ ವರ್ಷವೂ ಇರುತ್ತದೆ. ಹಳೆಯ ಚಿತ್ರಗಳಲ್ಲಿ ಅಂಥ ಸೌಲಭ್ಯ ಅಪರೂಪ.

ನಾಣ್ಯ ಚಿಮ್ಮುವ ಕ್ಷಣದ ಚಿತ್ರಗಳು ಈ ಕೆಲಸಕ್ಕೆ ಅತ್ಯಂತ ಉಪಯುಕ್ತ. ಅವುಗಳಲ್ಲಿ ರೆಫರಿ ಮಧ್ಯದಲ್ಲಿ ನಿಶ್ಚಲನಾಗಿ, ಮುಖ ಕಾಣುವಂತೆ ನಿಂತಿರುತ್ತಾನೆ. ಇಬ್ಬರು ನಾಯಕರ ಹೆಸರಿನಿಂದ ಪಂದ್ಯವೂ ಗೊತ್ತಾಗುತ್ತದೆ. ಒಂದು ಎಚ್ಚರಿಕೆ ಅಗತ್ಯ. 1934ರ ಜೂನ್ 10ರಂದು ರೋಮ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಇಟಲಿಯ ನಾಯಕ ಕೊಂಬಿ, ಚೆಕೊಸ್ಲೊವಾಕಿಯದ ನಾಯಕ ಪ್ಲಾನಿಚ್ಕಾ ಇಬ್ಬರೂ ಗೋಲ್‌ಕೀಪರ್‌ಗಳು. ನಾಯಕರು ಧರಿಸಿದ್ದು ತಂಡದ ಜೆರ್ಸಿಯಲ್ಲವಾದ್ದರಿಂದ, ಸ್ವೀಡನ್ನಿನ ರೆಫರಿ ಇವಾನ್ ಎಕ್ಲಿಂಡ್ ಅವರ ಜೊತೆ ನಿಂತ ಇಬ್ಬರು ಯಾವ ತಂಡದವರೆಂದು ಬಟ್ಟೆಯಿಂದ ಹೇಳಲಾಗದು.

ಛಾಯಾಚಿತ್ರದ ಗುಣ

ಕಪ್ಪು-ಬಿಳುಪು ಚಿತ್ರದಿಂದ ಬಣ್ಣವನ್ನು ಊಹಿಸುವುದು ಅಪಾಯಕಾರಿ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಲಕಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಅವುಗಳಲ್ಲಿ ಕೆಂಪು ಜೆರ್ಸಿ ಕಪ್ಪಾಗಿಯೂ ನೀಲಿ ತೆಳುವಾಗಿಯೂ ಮೂಡುತ್ತದೆ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದ ಮೇಲೆಯೂ ಹಳದಿ ಮತ್ತು ಬಿಳಿಯನ್ನು ಪ್ರತ್ಯೇಕಿಸುವುದು ಕಷ್ಟವೇ. ಈಚೆಗೆ ಗಣಕಯಂತ್ರದಿಂದ ಬಣ್ಣ ತುಂಬಿದ ಪ್ರತಿಗಳು ಅಂತರಜಾಲದಲ್ಲಿ ಹೇರಳವಾಗಿವೆ. ಆ ಬಣ್ಣ ಯಾರೋ ಊಹಿಸಿದ್ದೇ ಹೊರತು ಸಾಕ್ಷ್ಯವಲ್ಲ. ಗುರುತಿಸುವಿಕೆಗೆ ಅವನ್ನು ಬಳಸಲೇಬಾರದು.

ನೆಗೆಟಿವ್ ತಿರುಗುಮುರುಗಾಗಿ ಅಚ್ಚಾಗಿರುವ ಚಿತ್ರಗಳೂ ಇವೆ. ಬೆನ್ನಿನ ಸಂಖ್ಯೆ, ಫಲಕಗಳ ಮೇಲಿನ ಅಕ್ಷರ, ಕೋಟಿನ ಗುಂಡಿಗಳ ದಿಕ್ಕು ಇವುಗಳಿಂದ ಅದು ಬಯಲಾಗುತ್ತದೆ. ಇಂಗ್ಲೆಂಡಿನ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಸಂಖ್ಯೆಗಳು ಮೊದಲು ಕಂಡದ್ದು 1933ರಲ್ಲಿ (ಎವರ್ಟನ್‌ಗೆ 1ರಿಂದ 11, ಮ್ಯಾಂಚೆಸ್ಟರ್ ಸಿಟಿಗೆ 12ರಿಂದ 22), ವಿಶ್ವಕಪ್‌ನಲ್ಲಿ 1950ರಲ್ಲಿ. ಅದಕ್ಕೂ ಹಿಂದಿನ ಚಿತ್ರಗಳಲ್ಲಿ ಈ ಸುಳಿವು ದೊರೆಯುವುದಿಲ್ಲ.

ಮೊದಲು ಪಂದ್ಯ, ಅನಂತರ ವ್ಯಕ್ತಿ: 1954ರ ಉದಾಹರಣೆ

ಅನುಭವಿಗಳು ಸಾಮಾನ್ಯವಾಗಿ ರೆಫರಿಯ ಮುಖದಿಂದ ಆರಂಭಿಸುವುದಿಲ್ಲ. ಪಂದ್ಯ ಯಾವುದೆಂದು ಖಚಿತವಾದರೆ ಅಧಿಕೃತ ದಾಖಲೆಯಲ್ಲಿ ರೆಫರಿಯ ಹೆಸರು ತಾನಾಗಿ ದೊರೆಯುತ್ತದೆ. ಈ ಕ್ರಮ ಎಷ್ಟು ಜಾಗರೂಕತೆಯನ್ನು ಬೇಡುತ್ತದೆ ಎಂಬುದಕ್ಕೆ 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ವಿಶ್ವಕಪ್ ಒಳ್ಳೆಯ ನಿದರ್ಶನ.

ಬರ್ನ್ ನಗರದ ವ್ಯಾಂಕ್‌ಡಾರ್ಫ್ ಕ್ರೀಡಾಂಗಣದಲ್ಲಿ ಹಂಗೇರಿ ಒಂದು ವಾರದ ಅಂತರದಲ್ಲಿ ಎರಡು ಪಂದ್ಯಗಳನ್ನು ಆಡಿತು. ಜೂನ್ 27ರ ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್ ಅನ್ನು 4–2ರಿಂದ ಸೋಲಿಸಿತು. ರೆಫರಿ ಇಂಗ್ಲೆಂಡಿನ ಆರ್ಥರ್ ಎಲಿಸ್. ಜುಲೈ 4ರ ಅಂತಿಮ ಪಂದ್ಯದಲ್ಲಿ ಪಶ್ಚಿಮ ಜರ್ಮನಿಗೆ 3–2ರಿಂದ ಸೋತಿತು. ರೆಫರಿ ಇಂಗ್ಲೆಂಡಿನವರೇ ಆದ ವಿಲಿಯಂ ಲಿಂಗ್. ಎರಡೂ ದಿನ ಮಳೆ, ಎರಡೂ ದಿನ ಕೆಸರಾದ ಅಂಗಣ. ಬ್ರೆಜಿಲ್‌ನ ಹಳದಿ ಜೆರ್ಸಿ–ನೀಲಿ ಚಡ್ಡಿ, ಜರ್ಮನಿಯ ಬಿಳಿ ಜೆರ್ಸಿ–ಕಪ್ಪು ಚಡ್ಡಿ, ಎರಡೂ ಕಪ್ಪು-ಬಿಳುಪಿನಲ್ಲಿ ‘ಮೇಲೆ ತಿಳಿ, ಕೆಳಗೆ ಗಾಢ’ ಎಂದೇ ಕಾಣುತ್ತವೆ. ದಿನಾಂಕವಿಲ್ಲದ ಚಿತ್ರವೊಂದು ಕೈಗೆ ಬಂದರೆ ಎಲಿಸ್ ಮತ್ತು ಲಿಂಗ್ ಅದಲುಬದಲಾಗಲು ಇದಕ್ಕಿಂತ ಹೆಚ್ಚಿನ ಕಾರಣ ಬೇಡ.

ಬಿಡಿಸುವ ಕೀಲಿ ಆಟಗಾರರಲ್ಲಿದೆ. ಗಾಯಗೊಂಡಿದ್ದ ಫೆರೆಂಕ್ ಪುಷ್ಕಾಶ್ ಕ್ವಾರ್ಟರ್ ಫೈನಲ್ ಆಡಲಿಲ್ಲ. ಅಂದು ಹಂಗೇರಿಯ ನಾಯಕ ಯೊಝೆಫ್ ಬೊಝಿಕ್. ಆ ಪಂದ್ಯಾವಳಿಯಲ್ಲಿ ಆಟಗಾರರಿಗೆ ಸ್ಥಿರ ಸಂಖ್ಯೆಗಳಿದ್ದು, ಪುಷ್ಕಾಶ್ ಅವರದು 10. ಹಾಗಾಗಿ ವ್ಯಾಂಕ್‌ಡಾರ್ಫ್ ಚಿತ್ರದಲ್ಲಿ ಹಂಗೇರಿಯ 10ನೇ ಸಂಖ್ಯೆ ಕಂಡರೆ ಅದು ಅಂತಿಮ ಪಂದ್ಯ, ರೆಫರಿ ಲಿಂಗ್. ಆಟಗಾರನೊಬ್ಬ ಹೊರಹಾಕಲ್ಪಡುತ್ತಿರುವ ಚಿತ್ರವಾದರೆ ಅದು ಕ್ವಾರ್ಟರ್ ಫೈನಲ್. ಅಂದು ಬೊಝಿಕ್ ಮತ್ತು ಬ್ರೆಜಿಲ್‌ನ ಇಬ್ಬರು ಹೊರಬಿದ್ದಿದ್ದರು.

ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಇದೇ ಹಂಗೇರಿ ಮತ್ತು ಪಶ್ಚಿಮ ಜರ್ಮನಿ ಜೂನ್ 20ರಂದು ಬಾಸೆಲ್‌ನಲ್ಲಿ ಲೀಗ್ ಹಂತದ ಪಂದ್ಯ ಆಡಿದ್ದವು. ಹಂಗೇರಿ 8–3ರಿಂದ ಗೆದ್ದಿತ್ತು. ರೆಫರಿ ಅಲ್ಲಿಯೂ ಲಿಂಗ್. ಪುಷ್ಕಾಶ್ ಅಲ್ಲಿಯೂ ಇದ್ದರು. ಇಲ್ಲಿ ವ್ಯಕ್ತಿಯ ಬಗ್ಗೆ ಸಂದೇಹವಿಲ್ಲದೆಯೂ ಪಂದ್ಯ ತಪ್ಪಬಹುದು. ಜರ್ಮನಿಯ ಗೋಲ್‌ಕೀಪರ್ ನೆರವಿಗೆ ಬರುತ್ತಾನೆ: ಬಾಸೆಲ್‌ನಲ್ಲಿ ಕ್ವಿಯಾಟ್ಕೊವ್‌ಸ್ಕಿ, ಬರ್ನ್‌ನಲ್ಲಿ ಟೋನಿ ಟುರೆಕ್. ಹಿನ್ನೆಲೆಯಲ್ಲಿ ವ್ಯಾಂಕ್‌ಡಾರ್ಫ್‌ನ ಪ್ರಸಿದ್ಧ ಗಡಿಯಾರ ಕಂಡರಂತೂ ಚರ್ಚೆಗೆ ಆಸ್ಪದವಿಲ್ಲ.

ಇಷ್ಟು ಸೂಕ್ಷ್ಮಕ್ಕೆ ಇಳಿಯಬೇಕಾದ ಕಾರಣ ಆ ಅಂತಿಮ ಪಂದ್ಯದ ಕೊನೆಯ ನಿಮಿಷಗಳಲ್ಲಿದೆ. ಪುಷ್ಕಾಶ್ ಚೆಂಡನ್ನು ಬಲೆಗೆ ಸೇರಿಸಿದಾಗ ಆಫ್‌ಸೈಡ್ ಎಂದು ಬಾವುಟ ಎತ್ತಿದವರು ವೇಲ್ಸ್‌ನ ಲೈನ್ಸ್‌ಮನ್ ಮರ್ವಿನ್ ಗ್ರಿಫಿತ್ಸ್. ಗೋಲನ್ನು ರದ್ದುಗೊಳಿಸಿದವರು ಲಿಂಗ್. ಹಂಗೇರಿಯ ಫುಟ್‌ಬಾಲ್ ಪ್ರೇಮಿಗಳು ಆ ನಿರ್ಣಯವನ್ನು ಇಂದಿಗೂ ಮರೆತಿಲ್ಲ. ಮೂರನೆಯ ಅಧಿಕಾರಿ, ಇಟಲಿಯ ವಿನ್ಸೆಂಜೊ ಒರ್ಲಾಂಡಿನಿ, ಅದಕ್ಕೆ ಸಂಬಂಧಪಟ್ಟವರಲ್ಲ. ಬಾವುಟ ಹಿಡಿದ ವ್ಯಕ್ತಿಯ ಚಿತ್ರಕ್ಕೆ ಪರಿಶೀಲನೆಯಿಲ್ಲದೆ ಹೆಸರು ಬರೆದರೆ ಒರ್ಲಾಂಡಿನಿಯವರಿಗೆ ಅನ್ಯಾಯವಾಗುತ್ತದೆ. ಗ್ರಿಫಿತ್ಸ್ ಅವರ ಹೋಲಿಕೆಗೆ 1953ರ ಎಫ್.ಎ. ಕಪ್ ಅಂತಿಮ ಪಂದ್ಯದ ಚಿತ್ರಗಳಿವೆ, ಅದರ ರೆಫರಿ ಅವರೇ. ಲಿಂಗ್ ಅವರಿಗೆ 1948ರ ಲಂಡನ್ ಒಲಿಂಪಿಕ್ಸ್ ಅಂತಿಮ ಪಂದ್ಯ, ಎಲಿಸ್ ಅವರಿಗೆ 1956ರ ಮೊದಲ ಯುರೋಪಿಯನ್ ಕಪ್ ಅಂತಿಮ ಪಂದ್ಯ ಹೋಲಿಕೆಗೆ ಒದಗುತ್ತವೆ.

ಲೈನ್ಸ್‌ಮನ್‌ಗಳ ಸಮಸ್ಯೆ

ರೆಫರಿಗಿಂತ ಲೈನ್ಸ್‌ಮನ್‌ನನ್ನು ಗುರುತಿಸುವುದು ಕಠಿಣ. ದಾಖಲೆಯಲ್ಲಿ ಎರಡು ಹೆಸರುಗಳಿರುತ್ತವೆ, ಯಾರು ಯಾವ ಬದಿಯಲ್ಲಿದ್ದರು ಎಂಬುದು ಇರುವುದಿಲ್ಲ. ಸ್ಟ್ಯಾನ್ಲಿ ರೌಸ್ ಪ್ರಚಾರಕ್ಕೆ ತಂದ ಕರ್ಣರೇಖೆಯ ಪದ್ಧತಿಯಲ್ಲಿ ರೆಫರಿ ಮೈದಾನದ ಒಂದು ಮೂಲೆಯಿಂದ ಎದುರು ಮೂಲೆಯತ್ತ ಓಡಾಡುತ್ತಾನೆ. ಲೈನ್ಸ್‌ಮನ್‌ಗಳು ಎದುರುಬದುರು ಗೆರೆಗಳಲ್ಲಿ, ತಲಾ ಅರ್ಧ ಮೈದಾನವನ್ನು ನೋಡಿಕೊಳ್ಳುತ್ತಾರೆ. ಒಬ್ಬನ ಸ್ಥಾನ ಗೊತ್ತಾದರೆ ಇನ್ನೊಬ್ಬನದು ಲೆಕ್ಕದಿಂದ ಸಿಗುತ್ತದೆ.

ಇದಕ್ಕೆ ಅತಿ ಪ್ರಸಿದ್ಧ ಉದಾಹರಣೆ 1966ರ ಜುಲೈ 30ರಂದು ವೆಂಬ್ಲಿಯಲ್ಲಿ ನಡೆದ ಅಂತಿಮ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಕೆಳಕ್ಕೆ ಪುಟಿಯಿತು. ಸ್ವಿಟ್ಜರ್ಲೆಂಡಿನ ರೆಫರಿ ಗಾಟ್‌ಫ್ರೀಡ್ ಡೀನ್ಸ್ಟ್ ಲೈನ್ಸ್‌ಮನ್‌ನ ಬಳಿ ಹೋಗಿ ಕೇಳಿ, ಗೋಲ್ ಎಂದು ಘೋಷಿಸಿದರು. ಆ ಸಮಾಲೋಚನೆಯ ಚಿತ್ರದಲ್ಲಿರುವ ಮೀಸೆಯ ಲೈನ್ಸ್‌ಮನ್ ತೋಫಿಕ್ ಬಹ್ರಾಮೊವ್. ಇಂಗ್ಲಿಷ್ ಪತ್ರಿಕೆಗಳು ಅವರನ್ನು ‘ರಷ್ಯನ್ ಲೈನ್ಸ್‌ಮನ್’ ಎಂದು ಕರೆದವು. ಅದೇ ಹೆಸರು ದಶಕಗಳ ಕಾಲ ಅಡಿಬರಹಗಳಲ್ಲಿ ಮುಂದುವರಿಯಿತು. ಬಹ್ರಾಮೊವ್ ಸೋವಿಯತ್ ಒಕ್ಕೂಟದ ಪ್ರತಿನಿಧಿಯಾಗಿದ್ದುದು ನಿಜ, ಆದರೆ ಅವರು ಬಾಕುವಿನ ಅಜರ್ಬೈಜಾನಿ. ಅವರು 1993ರಲ್ಲಿ ನಿಧನರಾದ ಬಳಿಕ ಬಾಕುವಿನ ಪ್ರಮುಖ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಡಲಾಯಿತು. 2004ರಲ್ಲಿ ಅಲ್ಲಿ ಅವರ ಪ್ರತಿಮೆ ಅನಾವರಣಗೊಂಡಾಗ ಹರ್ಸ್ಟ್ ಕೂಡ ಹಾಜರಿದ್ದರು. ಹೆಸರು ಸರಿಯಿದ್ದು ರಾಷ್ಟ್ರೀಯತೆ ತಪ್ಪಿದ ಅಡಿಬರಹವೂ ತಪ್ಪು ಅಡಿಬರಹವೇ. ಅಂದು ಎದುರು ಗೆರೆಯಲ್ಲಿದ್ದ ಚೆಕೊಸ್ಲೊವಾಕಿಯದ ಕರೋಲ್ ಗಾಲ್ಬಾ ಅವರನ್ನು ಹೆಚ್ಚಿನವರು ಗುರುತಿಸಲಾರರು.

ಮುದ್ರಿತ ದಾಖಲೆಗಳು

ಪಂದ್ಯದ ಕಾರ್ಯಕ್ರಮ ಪುಸ್ತಿಕೆಯಲ್ಲಿ ಅಧಿಕಾರಿಗಳ ಹೆಸರುಗಳಿರುತ್ತವೆಯಾದರೂ ಅದು ಪಂದ್ಯಕ್ಕೆ ಮೊದಲೇ ಅಚ್ಚಾದದ್ದು. ಕೊನೆಯ ಗಳಿಗೆಯ ಬದಲಾವಣೆ ಅದರಲ್ಲಿ ಕಾಣದು. ಮರುದಿನದ ಪತ್ರಿಕೆ ಹೆಚ್ಚು ನಂಬಿಕೆಗೆ ಅರ್ಹ. ಚಿತ್ರದ ಹಿಂಬದಿಯಲ್ಲಿ ಅಂಟಿಸಿದ ಸುದ್ದಿಸಂಸ್ಥೆಯ ಚೀಟಿ ಮತ್ತು ಮೊಹರು ಇನ್ನೂ ಉಪಯುಕ್ತ. ಪಂದ್ಯದ ನಡುವೆಯೇ ಅಧಿಕಾರಿ ಬದಲಾದ ಸಂದರ್ಭಗಳೂ ಇವೆ. 1972ರ ಸೆಪ್ಟೆಂಬರ್ 16ರಂದು ಲಂಡನ್ನಿನ ಹೈಬರಿಯಲ್ಲಿ ಆರ್ಸೆನಲ್–ಲಿವರ್‌ಪೂಲ್ ಪಂದ್ಯ ನಡೆಯುತ್ತಿದ್ದಾಗ ಲೈನ್ಸ್‌ಮನ್ ಒಬ್ಬರು ಗಾಯಗೊಂಡರು. ಅಲ್ಲಿಗೆ ಬಂದಿದ್ದ ದೂರದರ್ಶನ ನಿರೂಪಕ ಜಿಮ್ಮಿ ಹಿಲ್ ಬಾವುಟ ಹಿಡಿದು ನಿಂತರು. ಹಿಲ್ ಅವರಿಗೆ ರೆಫರಿಯ ಅರ್ಹತೆ ಇತ್ತು. ಪುಸ್ತಿಕೆಯನ್ನಷ್ಟೇ ನಂಬಿ ಆ ಚಿತ್ರಕ್ಕೆ ಹೆಸರು ಕೊಟ್ಟರೆ ಅದು ಖಂಡಿತ ತಪ್ಪಾಗುತ್ತದೆ.

ಮುಖಹೋಲಿಕೆ

ಮೇಲಿನ ಮಾರ್ಗಗಳು ಒಂದೇ ಹೆಸರಿನತ್ತ ತಂದು ನಿಲ್ಲಿಸಿದ ಮೇಲೆ ಮುಖವನ್ನು ಹೋಲಿಸುವುದು ಸರಿಯಾದ ಕ್ರಮ. ಕೂದಲು, ಮೀಸೆ, ದೇಹದ ಗಾತ್ರ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಕಿವಿಯ ಆಕಾರ ಅಷ್ಟು ಬೇಗ ಬದಲಾಗದು; ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಬರ್ಟಿಯೋ ಅಪರಾಧಿಗಳನ್ನು ಗುರುತಿಸಲು ರೂಪಿಸಿದ ಪದ್ಧತಿಯಲ್ಲಿಯೂ ಕಿವಿಗೆ ಮುಖ್ಯ ಸ್ಥಾನವಿತ್ತು. ಮುಖಗುರುತಿನ ತಂತ್ರಾಂಶಗಳು ಪತ್ರಿಕೆಯಿಂದ ತೆಗೆದ, ಚುಕ್ಕೆಚುಕ್ಕೆಯಾದ ಚಿತ್ರಗಳ ಮೇಲೆ ನೀಡುವ ಉತ್ತರ ಸೂಚನೆ ಮಾತ್ರ. ಪ್ರಸಿದ್ಧರತ್ತ ವಾಲುವ ಮನಃಪ್ರವೃತ್ತಿಯೂ ಇಲ್ಲಿ ಕೆಲಸ ಮಾಡುತ್ತದೆ: ಎಲಿಸ್ ನಿವೃತ್ತಿಯ ನಂತರ ಬ್ರಿಟಿಷ್ ದೂರದರ್ಶನದ ಮನರಂಜನಾ ಕಾರ್ಯಕ್ರಮದಿಂದ, ರೌಸ್ ಫಿಫಾ ಅಧ್ಯಕ್ಷರಾಗಿ (1961–74) ಮನೆಮಾತಾದವರು. ಅವರ ಕಾಲದ ಯಾವ ಅನಾಮಿಕ ಇಂಗ್ಲಿಷ್ ರೆಫರಿಯನ್ನು ಕಂಡರೂ ಮೊದಲು ಇಂಥ ಹೆಸರುಗಳೇ ನೆನಪಿಗೆ ಬರುತ್ತವೆ.

ಭಾರತದ ಪಂದ್ಯಗಳು

ಸ್ವಾತಂತ್ರ್ಯಾನಂತರದ ಆರಂಭಿಕ ವರ್ಷಗಳ ಭಾರತ ತಂಡದ ಚಿತ್ರಗಳಲ್ಲಿ ಆಟಗಾರರ ಬರಿಗಾಲು ಒಳ್ಳೆಯ ಕಾಲಸೂಚಕ. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ನಡೆದ ಒಲಿಂಪಿಕ್ ಪಂದ್ಯದಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದರು. ಭಾರತ 2–1ರಿಂದ ಸೋತ ಆ ಪಂದ್ಯದಲ್ಲಿ ತಂಡದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿಯೂ ಬರಿಗಾಲಿನ ಆಟಗಾರರಿದ್ದರು. ಆದುದರಿಂದ ಬರಿಗಾಲನ್ನಷ್ಟೇ ನೋಡಿ 1948 ಎಂದು ಬರೆಯುವಂತಿಲ್ಲ. ಎದುರಾಳಿ ಫ್ರಾನ್ಸ್ ಆಗಿದ್ದರೆ ಇಲ್ಫರ್ಡ್, ಭಾರತವನ್ನು 10–1ರಿಂದ ಸೋಲಿಸಿದ ಯುಗೊಸ್ಲಾವಿಯ ಆಗಿದ್ದರೆ ಹೆಲ್ಸಿಂಕಿ. 1946–47 ಮತ್ತು 1952–53ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡದ ಕಾಲದ ಗುಂಪುಚಿತ್ರಗಳನ್ನು ನೋಡುವಾಗಲೂ ಒಂದು ಮಾತು ನೆನಪಿನಲ್ಲಿರಬೇಕು. ಗುಂಪುಚಿತ್ರದಲ್ಲಿ ಆಟಗಾರರ ಪಕ್ಕದಲ್ಲಿ ಕೋಟು ತೊಟ್ಟು ಕುಳಿತವರು ವ್ಯವಸ್ಥಾಪಕರೋ ಸಂಘದ ಪದಾಧಿಕಾರಿಗಳೋ ಆಗಿರುವ ಸಾಧ್ಯತೆಯೇ ಹೆಚ್ಚು. ಸೀಟಿ, ಗಡಿಯಾರ ಅಥವಾ ಚೆಂಡು ಕೈಯಲ್ಲಿದ್ದು, ಎರಡೂ ತಂಡಗಳು ಚಿತ್ರದಲ್ಲಿದ್ದರೆ ಮಾತ್ರ ರೆಫರಿ ಎಂಬ ಊಹೆಗೆ ಆಧಾರ ಸಿಗುತ್ತದೆ.