ಬೆತ್ತದಿಂದ ಮೊಬೈಲ್‌ವರೆಗೆ: ಮಕ್ಕಳ ನಡುವಣ ಕಿರುಕುಳ ಮತ್ತು ಶಿಕ್ಷಕರ ಹೊಣೆ

ಶಾಲೆಯೊಂದರ ಚರಿತ್ರೆಯನ್ನು ಬರೆಯುವಾಗ ಕಟ್ಟಡಗಳಿಗೆ, ದಾನಿಗಳಿಗೆ, ಮುಖ್ಯೋಪಾಧ್ಯಾಯರ ಸೇವೆಗೆ, ಪರೀಕ್ಷಾ ಫಲಿತಾಂಶಕ್ಕೆ ಸ್ಥಾನ ದೊರೆಯುವುದು ಸಹಜ. ಸಹಪಾಠಿಗಳ ಗೇಲಿಗೂ ಕಾಟಕ್ಕೂ ಹೆದರಿ ಓದು ನಿಲ್ಲಿಸಿದ ಮಕ್ಕಳ ವಿಷಯ ಅಲ್ಲಿ ಬರುವುದಿಲ್ಲ. ದಾಖಲಾತಿ ಪುಸ್ತಕದಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂಬ ಅಂಕಣವಿದ್ದರೂ ಈ ಕಾರಣವನ್ನು ಅಲ್ಲಿ ಬರೆಯುವುದು ಅಪರೂಪ. ಮಕ್ಕಳು ಮಕ್ಕಳಿಗೇ ಕೊಡುವ ಕಿರುಕುಳವನ್ನು ನಮ್ಮ ಶಾಲೆಗಳು ಹೇಗೆ ಕಂಡವು, ಅದನ್ನು ತಡೆಯುವ ಹೊಣೆ ಶಿಕ್ಷಕರಿಗೆ ಹೇಗೆ ಬಂದಿತು ಎಂಬುದನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಅವಲೋಕಿಸುವುದು ಉಚಿತ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ಶಾಲೆಗಳ ಸಮೀಕ್ಷೆಗೆ ಆದೇಶಿಸಿದರು. ನಮ್ಮ ಕೃಷ್ಣಗಿರಿಯನ್ನು ಒಳಗೊಂಡ ಬಾರಾಮಹಲಿನಲ್ಲಿ 1792ರಿಂದ ಏಳು ವರ್ಷ ಕಂದಾಯದ ಕೆಲಸ ಮಾಡಿದ್ದ ಅಧಿಕಾರಿ ಇವರೇ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಕಳುಹಿಸಿದ ವರದಿ ಕನ್ನಡ, ತೆಲುಗು ಕಲಿಸುತ್ತಿದ್ದ ಅಂದಿನ ಮಠಗಳ ಒಳಚಿತ್ರವನ್ನು ಕೊಡುತ್ತದೆ. ಮೊದಲು ಬಂದ ಬಾಲಕನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾಗಿ ಬಂದಂತೆ ಏಟು ಏರುತ್ತಿತ್ತು. ಸೋಮಾರಿಗಳನ್ನು ಕೈಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯೂ ಇತ್ತು. ಮುಂದುವರಿದ ಹುಡುಗರೇ ಹಿಂದಿನವರಿಗೆ ಪಾಠ ಹೇಳುವ ಕ್ರಮವನ್ನು ಕ್ಯಾಂಬೆಲ್ ಮೆಚ್ಚಿಕೊಂಡಿದ್ದಾರೆ.

ಆ ಕ್ರಮ ಮಿತವ್ಯಯದ್ದು, ನಿಜ. ಆದರೆ ಗುರುವಿನ ಕೋಲೇ ಆಳುವ ಕಡೆ ದೊಡ್ಡ ಹುಡುಗನ ಕೈಗೆ ಅಧಿಕಾರ ಬಂದರೆ, ಅವನ ಏಟೂ ಶಿಸ್ತಿನ ಹೆಸರನ್ನೇ ಪಡೆಯುತ್ತದೆ. ಕಪ್ಪುಹಲಗೆಯ ಮೇಲೆ ‘ಮಾತನಾಡಿದವರು’ ಎಂದು ಹೆಸರು ಬರೆಯುವ ಕ್ಲಾಸ್ ಲೀಡರನ್ನು ನಾವೆಲ್ಲರೂ ಬಲ್ಲೆವು. ಆ ಸೀಮೆಸುಣ್ಣ ಯಾರನ್ನು ಉಳಿಸಿತು, ಯಾರನ್ನು ಹಿಡಿದುಕೊಟ್ಟಿತು ಎಂಬುದನ್ನು ಮೇಷ್ಟರು ವಿಚಾರಿಸದಿದ್ದರೆ, ಕಿರುಕುಳಕ್ಕೆ ಶಾಲೆಯೇ ಪರವಾನಗಿ ಕೊಟ್ಟಂತಾಗುತ್ತದೆ.

ಕಾನೂನು ಬಹಳ ತಡವಾಗಿ ಬಂದಿತು. 1996ರ ನವೆಂಬರಿನಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಮೊದಲ ವರ್ಷದ ವೈದ್ಯ ವಿದ್ಯಾರ್ಥಿ ಪೊನ್ ನಾವರಸು ಹಿರಿಯ ವಿದ್ಯಾರ್ಥಿಯೊಬ್ಬನಿಂದ ಕೊಲೆಯಾದುದು ರಾಜ್ಯವನ್ನೇ ನಡುಗಿಸಿತು. ಅದರ ಫಲವಾಗಿ 1997ರಲ್ಲಿ ತಮಿಳುನಾಡಿನ ರ‍್ಯಾಗಿಂಗ್ ನಿಷೇಧ ಕಾಯಿದೆ ಬಂದಿತು. ಅದರಲ್ಲಿ ಎರಡು ಅಂಶಗಳು ಮುಖ್ಯ. ಮೈಗಾದ ನೋವಿನಂತೆ ಮನಸ್ಸಿಗಾದ ನೋವೂ ಅಪರಾಧದ ವ್ಯಾಪ್ತಿಗೆ ಸೇರಿತು. ದೂರು ಬಂದರೂ ಕ್ರಮ ಕೈಗೊಳ್ಳದ ಸಂಸ್ಥೆಯ ಮುಖ್ಯಸ್ಥರು ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರೆಂದೇ ಪರಿಗಣಿತರಾದರು. ಮುಂದೆ 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು, ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು.

ಶಿಕ್ಷೆಯೊಂದರಿಂದಲೇ ಈ ಪಿಡುಗು ಹೋಗದೆಂಬುದನ್ನು ಹೊರದೇಶಗಳ ಅನುಭವವೂ ತೋರಿಸಿದೆ. ನಾರ್ವೆಯಲ್ಲಿ ಮೂವರು ಬಾಲಕರ ಆತ್ಮಹತ್ಯೆಯ ಬಳಿಕ 1983ರಲ್ಲಿ ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ಬರ್ಗನ್ ನಗರದ ಶಾಲೆಗಳಲ್ಲಿ ಡಾನ್ ಓಲ್ವೇಯಸ್ ರೂಪಿಸಿದ ಕಾರ್ಯಕ್ರಮದಿಂದ ಕಿರುಕುಳ ಸುಮಾರು ಅರ್ಧಕ್ಕೆ ಇಳಿಯಿತು. ಬಿಡುವಿನ ವೇಳೆಯ ಮೇಲ್ವಿಚಾರಣೆ, ತರಗತಿಯಲ್ಲೇ ಚರ್ಚಿಸಿ ಮಾಡಿಕೊಂಡ ನಿಯಮಗಳು, ಹೆತ್ತವರೊಡನೆ ಮಾತುಕತೆ ಇವೇ ಅದರ ಆಧಾರ. ಫಿನ್ಲೆಂಡಿನ ‘ಕಿವಾ’ ಕಾರ್ಯಕ್ರಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಮ್ಮನೆ ನಿಂತು ನೋಡುವ ಮಕ್ಕಳತ್ತ ಗಮನ ಹರಿಸಿತು. ನೋಡುವವರು ನಗುವುದನ್ನು ನಿಲ್ಲಿಸಿದರೆ ಕಾಟ ಕೊಡುವವನ ಬಲ ಉಡುಗುತ್ತದೆ.

ನಮ್ಮ ರಾಜ್ಯದಲ್ಲಿ ಕಿರುಕುಳದ ಬೇರು ಎಷ್ಟೋ ವೇಳೆ ಊರಿನೊಳಗೇ ಇರುತ್ತದೆ. 2023ರ ಆಗಸ್ಟಿನಲ್ಲಿ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನ ಮೇಲೆ ಜೊತೆಯಲ್ಲಿ ಓದುವವರೇ ಮನೆಗೆ ನುಗ್ಗಿ ಹಲ್ಲೆ ಮಾಡಿದರು. ತಡೆಯಲು ಬಂದ ತಂಗಿಯೂ ಗಾಯಗೊಂಡಳು. ಆ ಬಳಿಕ ನೇಮಕಗೊಂಡ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿ, ಜಾತಿ ಸೂಚಿಸುವ ಬಣ್ಣದ ಕೈಪಟ್ಟಿಗಳನ್ನು ಶಾಲೆಗಳಲ್ಲಿ ನಿಷೇಧಿಸಬೇಕೆಂದು 2024ರಲ್ಲಿ ಶಿಫಾರಸು ಮಾಡಿತು.

ಹೊಸೂರಿನ ಭಾಗದಲ್ಲಿ ಜಾತಿಯ ಜೊತೆಗೆ ಭಾಷೆಯೂ ಗೇಲಿಗೆ ವಸ್ತುವಾಗಬಲ್ಲದು. ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ನೆಲವಿದು. ಕಾರ್ಖಾನೆಗಳಿಗೆ ದುಡಿಯಲು ಬಂದ ಹೊರರಾಜ್ಯದವರ ಮಕ್ಕಳೂ ಈಗ ಇದ್ದಾರೆ. 2006ರ ಕಾಯಿದೆಯಿಂದ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾದ ಮೇಲೆ, ಮನೆಯಲ್ಲಿ ಕನ್ನಡವಾಡುವ ಮಗು ತಮಿಳು ಪಾಠವನ್ನು ತಡವರಿಸುತ್ತ ಓದುವ ಗಳಿಗೆ ಪ್ರತಿ ತರಗತಿಯಲ್ಲೂ ಬರುತ್ತದೆ. ಆಗ ಶಿಕ್ಷಕರೂ ನಕ್ಕರೆ ತರಗತಿಗೆ ನಗಲು ಅಪ್ಪಣೆ ಸಿಕ್ಕಿದಂತೆ. ಕನ್ನಡ ತಡವರಿಸುವ ಮಗುವಿನ ವಿಷಯದಲ್ಲಿಯೂ ಈ ಮಾತು ಅಷ್ಟೇ ಸತ್ಯ.

2020ರ ಕೊರೋನಾ ಕಾಲದಲ್ಲಿ ಪಾಠ ಮೊಬೈಲಿಗೆ ಬಂದಿತು. ಹಿಂದೆ ಸಂಜೆಯ ಗಂಟೆ ಬಾರಿಸಿದರೆ ಅಡ್ಡಹೆಸರು ಶಾಲೆಯಲ್ಲೇ ಉಳಿಯುತ್ತಿತ್ತು. ಈಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿಯೂ ಅದು ಮಗುವಿನ ಹಾಸಿಗೆಯವರೆಗೆ ಬರುತ್ತದೆ. ತಿರುಚಿದ ಚಿತ್ರವೊಂದು ನಿಮಿಷಗಳಲ್ಲಿ ಊರೆಲ್ಲ ಹರಡುತ್ತದೆ.

ಹಾಗಾದರೆ ಶಿಕ್ಷಕರು ಮಾಡಬೇಕಾದುದೇನು? ನೀರಿನ ನಲ್ಲಿ, ಶೌಚಾಲಯ, ಮಧ್ಯಾಹ್ನದ ಊಟದ ಸಾಲು, ಬಸ್ ನಿಲ್ದಾಣ ಇವು ಕಾಟ ನಡೆಯುವ ಜಾಗಗಳು. ಅಲ್ಲಿ ಹಿರಿಯರ ಕಣ್ಣಿರಬೇಕು. ದೂರು ತಂದ ಮಗುವನ್ನು ಒಂಟಿಯಾಗಿ ಕೂರಿಸಿ ಕೇಳಬೇಕು. ಎಲ್ಲರೆದುರು ಕೈಕುಲುಕಿಸಿ ‘ರಾಜಿ’ ಮಾಡಿಸಬಾರದು. ದಿನಾಂಕದೊಡನೆ ಬರೆದಿಡಬೇಕು. ಇಬ್ಬರ ಹೆತ್ತವರನ್ನೂ ಬೇರೆ ಬೇರೆಯಾಗಿ ಕರೆಸಿ ಮಾತನಾಡಬೇಕು. ಕಾಟ ಕೊಟ್ಟ ಮಗುವಿನ ಮನೆಯ ಸ್ಥಿತಿಯನ್ನೂ ತಿಳಿಯಬೇಕು. ಅದೂ ನಮ್ಮದೇ ಮಗು. ಎರಡು ವಾರದ ಬಳಿಕ ಮತ್ತೆ ವಿಚಾರಿಸಬೇಕು.

ಮೊಬೈಲಿನ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಲು ಹೇಳಬೇಕು. ಮಗುವಿನ ಅಶ್ಲೀಲ ಚಿತ್ರವಾಗಿದ್ದರೆ ಸಾಕ್ಷಿಗೆಂದೂ ಅದನ್ನು ನಕಲು ಮಾಡಬಾರದು, ಯಾರಿಗೂ ಕಳುಹಿಸಬಾರದು; ನೇರವಾಗಿ ಪೊಲೀಸರಿಗೆ ತಿಳಿಸಬೇಕು. 2012ರ ಪೋಕ್ಸೋ ಕಾಯಿದೆಯಡಿ ಇದು ಕರ್ತವ್ಯ. ಸೈಬರ್ ಅಪರಾಧಕ್ಕೆ 1930, ಮಕ್ಕಳ ನೆರವಿಗೆ 1098, ತಮಿಳುನಾಡಿನ ಶಾಲಾ ಸಹಾಯವಾಣಿಗೆ 14417 ಈ ಸಂಖ್ಯೆಗಳು ಪ್ರತಿ ತರಗತಿಯ ಗೋಡೆಯ ಮೇಲಿರಲಿ.

ಅಂಗೈಯ ಮೇಲಿನ ಏಟಿನಿಂದ ಮಗುವಿನ ಮಾತು ಕೇಳುವವರೆಗೆ ಬರಲು ನಮಗೆ ಎರಡು ಶತಮಾನ ಬೇಕಾಯಿತು. ನಮ್ಮ ಶಾಲೆಯ ಎರಡನೆಯ ಶತಮಾನದಲ್ಲಿ, ಹೇಳಿಕೊಳ್ಳಲಾಗದ ಭಯದಿಂದ ಒಂದು ಮಗುವೂ ಶಾಲೆ ಬಿಡದಂತೆ ನೋಡಿಕೊಳ್ಳುವುದು ಶಿಕ್ಷಕರ, ಹೆತ್ತವರ, ಹಳೆಯ ವಿದ್ಯಾರ್ಥಿಗಳ ಕೂಡು ಹೊಣೆಯಾಗಲಿ.