16 ಮನೆಗಳ ನಡುವೆ

ಚತುರಶ್ರ ನಡೆಯಲ್ಲಿ ಆದಿತಾಳದ ಅರ್ಧ ಆವರ್ತಕ್ಕೆ 16 ಮಾತ್ರೆ. ಮೃದಂಗದ ಪಾಠದಲ್ಲಿ ಬೆರಳೆಣಿಸಿ ಕಲಿತ ಈ ಲೆಕ್ಕ ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ತಾಳಯಂತ್ರದ ಮುಂದೆ ಕೂತಾಗ ನೇರವಾಗಿ ಕೈಗೆ ಬರುತ್ತದೆ. ಸಾಲಾಗಿ 16 ಗುಂಡಿ, ಒಂದೊಂದೂ ಒಂದು ಮನೆ: ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಒತ್ತಿದ ಮನೆಯಲ್ಲಿ ಪೆಟ್ಟು, ಬಿಟ್ಟ ಮನೆಯಲ್ಲಿ ಕಾರ್ವೆ. ಆಕ್ಸೆಂಟ್ ಹಾಕಿದ ಮನೆಯಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ಜೋರಾಗುತ್ತವೆ.

ಇಂಥ ಪೆಟ್ಟಿಗೆಗಳ ಚರಿತ್ರೆ ಬರೆಯುವವರು ಹೆಚ್ಚಾಗಿ ಅವುಗಳ ನಾದವನ್ನೇ ಹೊಗಳುತ್ತಾರೆ. ನನಗೆ ಮುಖ್ಯವಾದದ್ದು ಬೇರೆ. ಮನೆಗಳ ಗೆರೆ ದಾಟಲು ಯಾರು ಯಾವ ದಾರಿ ಮಾಡಿಕೊಟ್ಟರು ಎನ್ನುವುದು.

ಮೊದಲ ದಾರಿ ಅದೇ 1980ರದು. ಅಮೆರಿಕದ ರೋಜರ್ ಲಿನ್ ತಮ್ಮ ಎಲ್‌ಎಂ-1 ಯಂತ್ರದಲ್ಲಿ ಸ್ವಿಂಗ್ ಕೊಟ್ಟರು. ಪ್ರತಿ ಎರಡು ಪೆಟ್ಟಿನಲ್ಲಿ ಎರಡನೆಯದು ತುಸು ತಡವಾಗಿ ಬೀಳುತ್ತದೆ. ಶೇಕಡಾ 50 ಇಟ್ಟರೆ ನೆಟ್ಟಗಿನ ನಡೆ, 66 ಇಟ್ಟರೆ ಹೆಚ್ಚುಕಡಿಮೆ ತಿಶ್ರ. ನಡುವಿನ 54, 58ರಲ್ಲೇ ನನ್ನ ಜೀವ. ಡಪ್ಪು ಬಾರಿಸುವ ಕೈಗಳಲ್ಲಿ ಈ ಎಳೆತವನ್ನು ಕೇಳಿದ್ದೇನೆ; ಯಾವ ಪಾಠದಲ್ಲೂ ಬರೆಸಿಕೊಂಡಿಲ್ಲ. 1988ರಲ್ಲಿ ಅಕೈ ಕಂಪನಿಗೆ ಲಿನ್ ರೂಪಿಸಿದ ಎಂಪಿಸಿ60ರಲ್ಲೂ ಸ್ವಿಂಗ್ ಉಳಿಯಿತು. ಡೆಟ್ರಾಯಿಟ್‌ನ ಜೆ ಡಿಲ್ಲಾ ಎಂಪಿಸಿ3000ದಲ್ಲಿ ಪೆಟ್ಟನ್ನು ಮನೆಗೆ ತಂದು ಕೂರಿಸುವ ಸೌಲಭ್ಯವನ್ನು ಹಲವು ಸಲ ಬಿಟ್ಟು, ಬೆರಳು ಬಿದ್ದ ಹೊತ್ತನ್ನೇ ಇಟ್ಟುಕೊಂಡರು.

ಎರಡನೆಯ ದಾರಿ ರೋಲ್ಯಾಂಡಿನ ಟಿಬಿ-303ರದು. ಅದು ಬೇಸ್ ಗಿಟಾರಿನ ಬದಲಿಗೆಂದು ಹುಟ್ಟಿದ್ದು. ಅದರಲ್ಲಿ ಸ್ವರಗಳನ್ನು ಒಮ್ಮೆ, ಅವುಗಳ ಕಾಲವನ್ನು ಇನ್ನೊಮ್ಮೆ ತುಂಬಬೇಕು. ಸ್ಲೈಡ್ ಹಾಕಿದರೆ ಒಂದು ಸ್ವರ ಮುಂದಿನದಕ್ಕೆ ಜಾರುತ್ತದೆ. ಇದರ ಬೆಲೆ ಬಹಳ ಬೇಗ ಅರಿತವರಲ್ಲಿ ಮುಂಬೈ ಸಿನಿಮಾ ವಾದ್ಯವೃಂದದ ಚರಣ್‌ಜಿತ್ ಸಿಂಗ್ ಒಬ್ಬರು. 1982ರ ಅವರ ಧ್ವನಿಮುದ್ರಿಕೆಯಲ್ಲಿ ಜುಪಿಟರ್-8 ಸಿಂಥಸೈಜರಿನ ಮೇಲೆ ಹತ್ತು ರಾಗ, ಅಡಿಯಲ್ಲಿ 303, ತಾಳಕ್ಕೆ 808. ಷಿಕಾಗೋದ ಫ್ಯೂಚರ್ ತಂಡ ಅದೇ 303ರ ತಿರುಗುಗುಂಡಿಗಳನ್ನು ತಿರುವುತ್ತ ‘ಆಸಿಡ್ ಟ್ರ್ಯಾಕ್ಸ್’ ಹೊರತಂದದ್ದು 1987ರಲ್ಲಿ. ಆ ಹೊತ್ತಿಗೆ ಸಿಂಗ್ ಅವರ ರಾಗಗಳನ್ನು ಜನ ಮರೆತಿದ್ದರು. 2010ರ ಮರುಬಿಡುಗಡೆಯೇ ಅವರಿಗೆ ಹೊಸ ಕೇಳುಗರನ್ನು ತಂದಿತು. ಇಷ್ಟು ತಡವಾಯಿತಲ್ಲ ಎಂಬ ನೋವು ನನಗಿದೆ.

ತಾಳ, ಸ್ವರ ಎರಡನ್ನೂ ನುಡಿಸುವ ಪೆಟ್ಟಿಗೆಗೆ ಗ್ರೂವ್‌ಬಾಕ್ಸ್ ಎಂಬ ಹೆಸರು 1996ರಲ್ಲಿ, ರೋಲ್ಯಾಂಡ್ ಎಂಸಿ-303ರೊಂದಿಗೆ ಬಂತು. ನಿಜವಾದ ತಿರುವು ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿಯ ಮೆಷಿನ್‌ಡ್ರಮ್‌ನದು, 2001ರಲ್ಲಿ. ಒಂದು ಮನೆಯ ಗುಂಡಿಯನ್ನು ಒತ್ತಿಹಿಡಿದು ತಿರುಗುಗುಂಡಿ ತಿರುವಿದರೆ ಆ ಬದಲಾವಣೆ ಆ ಒಂದೇ ಪೆಟ್ಟಿಗೆ ಅಂಟಿಕೊಳ್ಳುತ್ತದೆ. ಪ್ಯಾರಾಮೀಟರ್ ಲಾಕ್ ಎನ್ನುತ್ತಾರೆ. ಎಡಗೈಯ ಗುಮ್ಕಿಯನ್ನು ಏಳನೇ ಮಾತ್ರೆಯಲ್ಲಿ ಮಾತ್ರ ಬಾಗಿಸಬೇಕೆಂದು ಬಯಸುವ ಮೃದಂಗದವನಿಗೆ ಇದಕ್ಕಿಂತ ಬೇಕಾದದ್ದಿಲ್ಲ. ಅದೇ ಕಂಪನಿಯ ಮುಂದಿನ ಯಂತ್ರಗಳಲ್ಲಿ ಷರತ್ತುಗಳೂ ಬಂದವು: ಈ ಪೆಟ್ಟು ನಾಲ್ಕು ಸುತ್ತಿಗೊಮ್ಮೆ ಬೀಳಲಿ, ಆ ಪೆಟ್ಟು ಶೇಕಡಾ 30ರಷ್ಟು ಸಲ ಮಾತ್ರ.

ಈ ಯಂತ್ರಗಳಲ್ಲಿ ಒಂದೊಂದು ಟ್ರ್ಯಾಕಿಗೂ ಬೇರೆ ಉದ್ದ ಕೊಡಬಹುದು. ಒಂದಕ್ಕೆ 16 ಮನೆ, ಇನ್ನೊಂದಕ್ಕೆ 7 ಇಟ್ಟರೆ 112 ಮಾತ್ರೆಗೆ ಎರಡೂ ಕೂಡುತ್ತವೆ. ಆದರೆ ಆದಿತಾಳಕ್ಕೆ ಅದು ಮೂರೂವರೆ ಆವರ್ತ, ಸಮ ಸಿಗುವುದಿಲ್ಲ. ಹಾಗಾಗಿ ನಾನು ಮೊದಲನೆಯದಕ್ಕೆ 32 ಮನೆ ಕೊಡುತ್ತೇನೆ. ಆಗ 224 ಮಾತ್ರೆ, ಸರಿಯಾಗಿ ಏಳು ಆವರ್ತ. ಆ ಟ್ರ್ಯಾಕಿನ ಮೊದಲ ಮನೆಗೆ ಏಳು ಸುತ್ತಿಗೊಮ್ಮೆ ಎಂಬ ಷರತ್ತು ಹಾಕಿ, ಅಲ್ಲಿ ದಪ್ಪ ಪೆಟ್ಟು ಇಡುತ್ತೇನೆ. ಪಕ್ಕದಲ್ಲಿ ಕೂತವರು ತಾಳ ಹಾಕುತ್ತಿದ್ದರೆ ಅವರ ಕೈ ತೊಡೆಗೆ ಬೀಳುವುದೂ ಅದೇ ಕ್ಷಣಕ್ಕೆ.